ಹಳೆಯ ಗಣಕಕ್ಕೆ ಹೊಸ ನೆನಪು

(ಮಿಯಾಪುರದಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲ ವಿದ್ವಾಂಸರು ಈ ಸಭೆಯಲ್ಲಿಯೇ ಇದ್ದಾರೆ. ಕಾರ್ಯಕಾರಿ ಸಮಿತಿಯವರು ನಮಗೆ ವಹಿಸಿರುವ ಕೆಲಸ ಬೇರೆ. ಮನೆಮನೆಗಳಲ್ಲಿ ಮೂಲೆ ಸೇರುತ್ತಿರುವ ಹಳೆಯ ಗಣಕಯಂತ್ರಗಳಿಗೆ ನೆನಪಿನ ಶಕ್ತಿಯನ್ನು ಹೆಚ್ಚಿಸಿ, ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ತಿಳಿಸಬೇಕೆಂದು ಅವರ ಅಪ್ಪಣೆ. ಇದು ಇಂಜಿನಿಯರುಗಳ ವಿಷಯವಲ್ಲವೆ, ಬ್ಯಾಂಕಿನ ಗುಮಾಸ್ತರಿಗೆ ಏತಕ್ಕೆ ಎಂದು ತಾವು ಕೇಳಬಹುದು. ಉಳಿತಾಯದ ವಿಷಯವಾದ್ದರಿಂದ ನಮ್ಮ ಪಾಲಿಗೆ ಬಂದಿರಬೇಕೆಂದು ಭಾವಿಸಿದ್ದೇವೆ.

ಮಿಯಾಪುರ ಬೀದರಿನ ದಾರಿಯಲ್ಲಿರುವ ಊರು. ಇದೇ ಮುಂಬಯಿ ಹೆದ್ದಾರಿಯಲ್ಲಿ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದು ದಾಟಿ ಮುಂದೆ ಹೋದರೆ ನಮ್ಮ ಬೀದರ ಜಿಲ್ಲೆ ಸಿಕ್ಕುತ್ತದೆ. ಬೀದರ, ಕಲಬುರಗಿ, ರಾಯಚೂರುಗಳಿಂದಲೂ ಅದಕ್ಕೂ ದೂರದ ಹುಬ್ಬಳ್ಳಿ, ಬೆಂಗಳೂರು, ಮಂಗಳೂರುಗಳಿಂದಲೂ ಉದ್ಯೋಗವನ್ನರಸಿ ಬಂದ ಸಂಸಾರಗಳು ಇಲ್ಲಿ ನೆಲೆ ನಿಂತಿವೆ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಮನೆ ಹೂಡಿದ ಹೊಸತರಲ್ಲಿ, ಮಕ್ಕಳ ವಿದ್ಯೆಗೆಂದು ಕಂತಿನ ಮೇಲೆ ಒಂದು ಗಣಕವನ್ನು ಕೊಂಡವರು ನಮ್ಮಲ್ಲಿ ಅನೇಕರು. ಆಮೇಲೆ ಜಂಗಮವಾಣಿ ಬಂದು ಗಣಕದ ಮೇಲೆ ಹೊದಿಕೆ ಬಿತ್ತು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮನೆಗೇ ಬಂದಾಗ ಹೊದಿಕೆಯನ್ನು ತೆಗೆದದ್ದೂ ಆಯಿತು. ಆಗ ಕಂಡ ದೃಶ್ಯ ಎಲ್ಲರಿಗೂ ಗೊತ್ತಿರುವುದೇ. ಗುಂಡಿ ಒತ್ತಿ, ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಯಂತ್ರ ಇನ್ನೂ ಏಳುತ್ತಲೇ ಇರುತ್ತದೆ. ಮನೆಯವರು ಬೇಸತ್ತು “ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ” ಎನ್ನುತ್ತಾರೆ.

ಹೊಸದನ್ನು ತರುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕೆಟ್ಟುಹೋದದ್ದು ಬೇರೆ, ಸಾಲದೆ ಹೋದದ್ದು ಬೇರೆ. ನಿಧಾನವಾದ ಗಣಕಗಳಲ್ಲಿ ಬಹಳಷ್ಟು ಕೆಟ್ಟಿರುವುದಿಲ್ಲ. ಅವುಗಳಿಗೆ ಒಂದು ಸಾಮಗ್ರಿ ಸಾಲದಾಗಿರುತ್ತದೆ, ಅಷ್ಟೆ. ಯಾವುದು ಸಾಲದು ಎಂದು ಅರಿಯದೆ ಮೂವತ್ತು ನಲವತ್ತು ಸಾವಿರ ರೂಪಾಯಿ ವೆಚ್ಚ ಮಾಡುವುದು ಸಂಸಾರಸ್ಥರಿಗೆ ತಕ್ಕ ಮಾತಲ್ಲ.

ಮೊದಲು ಈ ನೆನಪು ಎಂದರೇನೆಂಬುದನ್ನು ವಿಚಾರಿಸೋಣ. ಅಂಗಡಿಯವರೂ ಮಕ್ಕಳೂ ರ್ಯಾಮ್ ಎಂದು ಕರೆಯುವುದು ಇದನ್ನೇ. ಹಾರ್ಡ್ ಡಿಸ್ಕ್ ಎಂಬುದು ಬೇರೆ. ಎರಡನ್ನೂ ಜಿ.ಬಿ. ಲೆಕ್ಕದಲ್ಲಿಯೇ ಅಳೆಯುವುದರಿಂದ ಒಂದೇ ಎಂದು ತಿಳಿದವರುಂಟು. ಯಂತ್ರ ನಿಧಾನವಾಯಿತೆಂದು ಮಗುವಿನ ನಾಮಕರಣದ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತ ಕೂರುವವರೂ ಉಂಟು. ಅದರಿಂದ ಫೋಟೋ ಹೋಗುತ್ತದೆಯೇ ಹೊರತು ವೇಗ ಬರುವುದು ಅಪರೂಪ.

ಗಣಕಗಳು ಬರುವುದಕ್ಕೆ ಮುಂಚಿನ ಬ್ಯಾಂಕನ್ನು ನೆನೆದುಕೊಳ್ಳಿ. ಗುಮಾಸ್ತರ ಮುಂದೆ ಒಂದು ಮೇಜು. ಹಳೆಯ ಲೆಡ್ಜರುಗಳೆಲ್ಲ ಒಳಗಿನ ದಫ್ತರದ ಕೋಣೆಯಲ್ಲಿ. ಗಿರಾಕಿ ಬಂದು ಲೆಕ್ಕ ಕೇಳಿದರೆ ದಫ್ತರಿ ಒಳಗೆ ಹೋಗಿ, ಬೇಕಾದ ಲೆಡ್ಜರನ್ನು ಹೊತ್ತು ತಂದು ಮೇಜಿನ ಮೇಲಿಡಬೇಕು. ಮೇಜು ದೊಡ್ಡದಾಗಿದ್ದರೆ ಹತ್ತು ಲೆಡ್ಜರು ಒಟ್ಟಿಗೆ ತೆರೆದಿರಬಹುದು. ಚಿಕ್ಕದಾಗಿದ್ದರೆ ಒಂದನ್ನು ಒಳಗೆ ಕಳುಹಿಸದೆ ಇನ್ನೊಂದನ್ನು ತರಿಸುವಂತಿಲ್ಲ. ಗಣಕದಲ್ಲಿ ರ್ಯಾಮ್ ಎಂಬುದೇ ಆ ಮೇಜು, ಡಿಸ್ಕ್ ಎಂಬುದೇ ದಫ್ತರದ ಕೋಣೆ. ಮೇಜು ತುಂಬಿದಾಗ ಯಂತ್ರವು ಕೆಲವು ಕಾಗದಗಳನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ಮತ್ತೆ ಬೇಕಾದಾಗ ಹಿಂದಕ್ಕೆ ತರಿಸುತ್ತದೆ. ತಾವು ಕೇಳುವ ಆ ಕರಕರ ಶಬ್ದವೂ, ಪೆಟ್ಟಿಗೆಯ ಮುಂದೆ ಎಡೆಬಿಡದೆ ಮಿನುಗುವ ದೀಪವೂ ಈ ದಫ್ತರಿಯ ಓಡಾಟದ ಗುರುತು.

ಈ ಓಡಾಟಕ್ಕೆ ತಗಲುವ ಕಾಲವೆಷ್ಟು? ತಿರುಗುವ ಹಳೆಯ ಡಿಸ್ಕಿನಿಂದ ಒಂದು ತುಣುಕನ್ನು ಹುಡುಕಿ ತರಲು ಹಿಡಿಯುವ ಹೊತ್ತು ರ್ಯಾಮಿನಿಂದ ತೆಗೆಯುವ ಹೊತ್ತಿನ ಸುಮಾರು ಒಂದು ಲಕ್ಷ ಪಟ್ಟು. ಮೇಜಿನ ಮೇಲಿರುವ ಕಾಗದ ಒಂದು ಸೆಕೆಂಡಿನಲ್ಲಿ ಕೈಗೆ ಸಿಕ್ಕುವುದಾದರೆ, ಒಳಗಿನ ಕೋಣೆಯಿಂದ ಬರುವ ಕಾಗದಕ್ಕೆ 27 ಗಂಟೆ ಕಾಯಬೇಕೆಂದ ಹಾಗಾಯಿತು. ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಇಂಥ ಕಚೇರಿಯಲ್ಲಿ ಸಾಲು ಕರಗುವುದುಂಟೆ?

ಈ ನೆನಪಿನ ಚರಿತ್ರೆಯೂ ಸ್ವಾರಸ್ಯವಾದದ್ದು. ನಮ್ಮ ದೇಶದಲ್ಲಿಯೇ ರಚಿತವಾದ ಮೊದಲ ದೊಡ್ಡ ಗಣಕಗಳಲ್ಲಿ ಒಂದಾದ ಟಿಫ್ರಾಕ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರ ಸುಮಾರಿಗೆ ಕೆಲಸಕ್ಕೆ ನಿಂತಿತು. ಅದರ ನೆನಪು ಚಿಕ್ಕ ಚಿಕ್ಕ ಕಾಂತದ ಬಳೆಗಳಿಂದ ಹೆಣೆದದ್ದು. ಅದರಲ್ಲಿ 40 ಅಂಕಗಳ 2048 ಪದಗಳು ಹಿಡಿಯುತ್ತಿದ್ದವು. ಇಂದಿನ ಲೆಕ್ಕದಲ್ಲಿ ಅದು 10 ಕೆ.ಬಿ. ಕೋಣೆ ತುಂಬುವ ಯಂತ್ರಕ್ಕೆ ಅಷ್ಟೇ ನೆನಪು! ಇಂದು ನಾವು “ಬರೇ 4 ಜಿ.ಬಿ.” ಎಂದು ಮೂಗು ಮುರಿಯುವ ಪಟ್ಟಿಯಲ್ಲಿ ಅಂಥ 4 ಲಕ್ಷ ಯಂತ್ರಗಳ ನೆನಪು ಅಡಗಿದೆ. ನಮ್ಮ ಹೈದರಾಬಾದಿಗೂ ಈ ಚರಿತ್ರೆಯಲ್ಲಿ ಪಾಲುಂಟು. 1967ರಲ್ಲಿ ಇಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಸಂಸ್ಥೆಯು 1969ರಲ್ಲಿ ಟಿ.ಡಿ.ಸಿ. 12 ಎಂಬ ಗಣಕವನ್ನು ತಯಾರಿಸಿ ಮಾರಾಟಕ್ಕೆ ತಂದಿತು.

ಕಾಂತದ ಬಳೆಗಳ ಸ್ಥಾನಕ್ಕೆ ಇಂದಿನ ಚಿಪ್ಪು ಬಂದದ್ದು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ಇಂಜಿನಿಯರರಿಂದ. ಅವರು 1966ರಲ್ಲಿ ಆಲೋಚಿಸಿ 1968ರಲ್ಲಿ ಹಕ್ಕುಪತ್ರ ಪಡೆದ ಉಪಾಯ ಬಹಳ ಸರಳವಾದದ್ದು. ಒಂದು ಅಂಕವನ್ನು ನೆನಪಿಡಲು ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು, ಇಷ್ಟೇ ಸಾಕು. ಕೆಪಾಸಿಟರು ಒಂದು ಪುಟ್ಟ ಕೊಡವಿದ್ದಂತೆ. ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಅದು ಸೋರುವ ಕೊಡ. ಆದ್ದರಿಂದ ಸೆಕೆಂಡಿಗೆ ಹದಿನೈದು ಸಲವಾದರೂ ಪ್ರತಿಯೊಂದು ಕೊಡವನ್ನೂ ನೋಡಿ ಮತ್ತೆ ತುಂಬಿಸುತ್ತಿರಬೇಕು. 8 ಜಿ.ಬಿ.ಯ ಪಟ್ಟಿಯಲ್ಲಿ ಇಂಥ ಕೊಡಗಳು 6,800 ಕೋಟಿಗೂ ಹೆಚ್ಚು. ಕರೆಂಟು ಹೋದ ಕೂಡಲೆ ಎಲ್ಲವೂ ಬರಿದು. ಬರೆಯುತ್ತಿದ್ದ ಪತ್ರವನ್ನು ಉಳಿಸದೆ ಇದ್ದಾಗ ಕರೆಂಟು ಹೋದರೆ ಪತ್ರವೂ ಹೋಗುವುದು ಇದೇ ಕಾರಣದಿಂದ.

ಇನ್ನು ಪರೀಕ್ಷೆಯ ಮಾತು. ವೈದ್ಯರು ನಾಡಿ ನೋಡದೆ ಔಷಧ ಕೊಡುವುದಿಲ್ಲ. ಹಾಗೆಯೇ ಗಣಕದ ನಾಡಿಯನ್ನೂ ನೋಡಬೇಕು. ತಾವು ನಿತ್ಯ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟುಕೊಳ್ಳಿ: ಮಗುವಿನ ಪಾಠ, ಅಂಚೆ, ಒಂದು ಹಾಡು, ಒಂದು ಬರಹ. ವಿಂಡೋಸ್ 10 ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪುಟ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗವನ್ನು ನೋಡಿ. ಮೆಮೊರಿ ನೂರಕ್ಕೆ ತೊಂಬತ್ತರ ಮೇಲೆ ಹತ್ತಿ ಕುಳಿತಿದ್ದು, ಡಿಸ್ಕೂ ಬಿಡುವಿಲ್ಲದೆ ದುಡಿಯುತ್ತಿದ್ದರೆ, ಮೇಜು ಸಾಲದೆಂದು ತಿಳಿಯಬೇಕು. ರ್ಯಾಮ್ ಹೆಚ್ಚಿಸಿದರೆ ಗುಣ ಕಾಣುವುದು ಇಲ್ಲಿಯೇ. ಮೆಮೊರಿ ಅರ್ಧದಲ್ಲಿದ್ದು ಡಿಸ್ಕ್ ಮಾತ್ರ ನೂರಕ್ಕೆ ನೂರು ಇದ್ದರೆ ರೋಗ ಡಿಸ್ಕಿನದು. ಅಲ್ಲಿ ರ್ಯಾಮಿಗೆ ಹಾಕಿದ ಹಣ ದಂಡ. ಎರಡೂ ಸರಿಯಿದ್ದು ಸಿ.ಪಿ.ಯು. ಮಾತ್ರ ಏದುಸಿರು ಬಿಡುತ್ತಿದ್ದರೆ ಅದು ಮೂರನೆಯ ರೋಗ. ಅದೇ ಪುಟದಲ್ಲಿ ರ್ಯಾಮ್ ಕೂರಿಸುವ ಸಂದುಗಳು ಎಷ್ಟು, ಅವುಗಳಲ್ಲಿ ತುಂಬಿರುವುವು ಎಷ್ಟು ಎಂಬುದನ್ನೂ ಬರೆದಿರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಒಂದು ಸಂದು ಖಾಲಿ ಇದೆಯೆಂದು ಅರ್ಥ.

ಕನ್ನಡ ಅಕ್ಷರಗಳು ಸಂಕೀರ್ಣವಾದುವು, ಆದ್ದರಿಂದಲೇ ಹಳೆಯ ಗಣಕಕ್ಕೆ ಕನ್ನಡ ಭಾರವಾಗುತ್ತದೆ ಎಂದು ಒಬ್ಬಿಬ್ಬರು ಹೇಳಿದ್ದನ್ನು ಕೇಳಿದ್ದೇವೆ. ಇದು ಹುರುಳಿಲ್ಲದ ಮಾತು. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದು ಚಿಹ್ನೆ ಮೂರು ಬೈಟು ಹಿಡಿಯುತ್ತದೆ, ಇಂಗ್ಲಿಷಿನ ಅಕ್ಷರ ಒಂದು ಬೈಟು. ಇಷ್ಟು ನಿಜ. ಆದರೆ ಇನ್ನೂರು ಪುಟದ ಒಂದು ಕನ್ನಡ ಪುಸ್ತಕದಲ್ಲಿ ಎರಡು ಲಕ್ಷ ಚಿಹ್ನೆಗಳಿವೆ ಎಂದಿಟ್ಟುಕೊಂಡರೂ ಅದು ಆರು ಲಕ್ಷ ಬೈಟು ಮಾತ್ರ. 8 ಜಿ.ಬಿ. ನೆನಪಿನಲ್ಲಿ ಅಂಥ 14 ಸಾವಿರ ಪುಸ್ತಕಗಳನ್ನು ಒಟ್ಟಿಗೆ ತೆರೆದಿಡಬಹುದು. ಭಾರವಾಗುವುದು ಕನ್ನಡವಲ್ಲ, ಅಂತರ್ಜಾಲದ ಬ್ರೌಸರು, ಅದರಲ್ಲಿ ಮುಚ್ಚದೆ ಬಿಟ್ಟ ಹತ್ತಾರು ಪುಟಗಳು, ಚಲಿಸುವ ಜಾಹೀರಾತುಗಳು. ಹಣ ಖರ್ಚು ಮಾಡುವ ಮೊದಲು ಬೇಡದ ಪುಟಗಳನ್ನು ಮುಚ್ಚುವ ಅಭ್ಯಾಸವನ್ನೂ, ಯಂತ್ರ ಏಳುವಾಗಲೇ ತಾವಾಗಿ ತೆರೆದುಕೊಳ್ಳುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸುವುದನ್ನೂ ಮಾಡಿ ನೋಡಿ. ಕೆಲವರಿಗೆ ಅಷ್ಟರಿಂದಲೇ ಕಾಯಿಲೆ ವಾಸಿಯಾಗುತ್ತದೆ.

ಪರೀಕ್ಷೆಯಲ್ಲಿ ಮೇಜೇ ಸಾಲದೆಂದು ತಿಳಿಯಿತೆನ್ನಿ. ಈಗ ಕೇಳಬೇಕಾದ ಪ್ರಶ್ನೆ, ಈ ಕೋಣೆಯಲ್ಲಿ ಎಷ್ಟು ದೊಡ್ಡ ಮೇಜು ಹಿಡಿಯುತ್ತದೆ ಎಂಬುದು. ಇದನ್ನು ನಿರ್ಣಯಿಸುವುದು ಮದರ್‌ಬೋರ್ಡು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಇಂಟೆಲ್ ಬೋರ್ಡುಗಳನ್ನೇ ಹೇಳುವುದಾದರೆ, ಜಿ 31 ಎಂಬ ಜಾತಿಯದಕ್ಕೆ 4 ಜಿ.ಬಿ. ಮಿತಿ. ಜಿ 41 ಜಾತಿಯದಕ್ಕೆ 8 ಜಿ.ಬಿ. 2011ರಲ್ಲಿ ಬಂದ ಎಚ್ 61ಕ್ಕೂ, ಅದರ ಮುಂದಿನ ತಲೆಯ ಎಚ್ 81ಕ್ಕೂ 16 ಜಿ.ಬಿ. ಮಿತಿಯನ್ನು ಮೀರಿ ತುಂಬಿದರೆ ಯಂತ್ರ ಏಳುವುದೇ ಇಲ್ಲ, ಇಲ್ಲವೆ ಹೆಚ್ಚಿನದನ್ನು ಗುರುತಿಸುವುದಿಲ್ಲ. ತಮ್ಮದು ಯಾವ ಜಾತಿ ಎಂಬುದು ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಪೆಟ್ಟಿಗೆ ಬಿಚ್ಚಲು ಮನಸ್ಸಿಲ್ಲದವರು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಿಂದ ತಿಳಿದುಕೊಳ್ಳಬಹುದು.

ಎರಡನೆಯ ಮಿತಿ ವಿಂಡೋಸಿನದು. 32 ಬಿಟ್ಟಿನ ವಿಂಡೋಸ್ ಇರುವ ಮನೆಯ ಗಣಕ 4 ಜಿ.ಬಿ.ಗಿಂತ ಹೆಚ್ಚು ನೆನಪನ್ನು ಬಳಸಲಾರದು. ವಾಸ್ತವದಲ್ಲಿ ಮೂರು, ಮೂರೂವರೆಯೇ ಕೈಗೆ ಸಿಕ್ಕುವುದು. ಅಂಥ ಯಂತ್ರಕ್ಕೆ 8 ಜಿ.ಬಿ. ತಂದು ಹಾಕಿದರೆ ಅರ್ಧ ಮೇಜಿನ ಮೇಲೆ ಬೀಗ ಹಾಕಿದ ಹಾಗೆ. ಮೊದಲು 64 ಬಿಟ್ಟಿನದಕ್ಕೆ ಬದಲಾಯಿಸಿಕೊಳ್ಳಬೇಕು.

ಮೂರನೆಯದು ಪಟ್ಟಿಯ ಜಾತಿ. ಡಿ.ಡಿ.ಆರ್. 2, 3, 4, 5 ಎಂದು ನಾಲ್ಕು ತಲೆಮಾರುಗಳು ಇಂದು ಮನೆಗಳಲ್ಲಿ ಸಿಕ್ಕುತ್ತವೆ. ಡಿ.ಡಿ.ಆರ್. 3 ಬಂದದ್ದು 2007ರಲ್ಲಿ, 4 ಬಂದದ್ದು 2014ರಲ್ಲಿ. ಒಂದು ತಲೆಮಾರಿನ ಪಟ್ಟಿ ಇನ್ನೊಂದರ ಸಂದಿನಲ್ಲಿ ಕೂರುವುದಿಲ್ಲ. ಅವುಗಳ ವಿದ್ಯುತ್ತಿನ ಒತ್ತಡವೂ ಬೇರೆ: ಎರಡನೆಯದಕ್ಕೆ 1.8 ವೋಲ್ಟು, ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 1.2. ಆದ್ದರಿಂದ ಪಟ್ಟಿಯ ಕೆಳಅಂಚಿನ ಕಚ್ಚನ್ನು ಒಂದೊಂದಕ್ಕೆ ಒಂದೊಂದು ಜಾಗದಲ್ಲಿ ಕಡೆದಿರುತ್ತಾರೆ. ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ, ಡೆಸ್ಕ್‌ಟಾಪಿನದು ಉದ್ದ, ಅದೂ ಅದಲುಬದಲಾಗದು.

ಇನ್ನು ಕೊಳ್ಳುವ ವಿಚಾರ. ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಸಿ.ಟಿ.ಸಿ. ಎಂದೇ ಹೆಸರಾದದ್ದು, ಈ ಊರಿನ ಗಣಕದ ಸಂತೆ. 2017ರ ನವೆಂಬರ್ 29ರಿಂದ ಮಿಯಾಪುರದ ಜನಕ್ಕೆ ಮೆಟ್ರೋ ಓಡಾಟ ದೊರೆತಿರುವುದರಿಂದ ದಾರಿಯೂ ಸುಲಭ. ಇಲ್ಲಿ ಹತ್ತಿ, ಅಮೀರ್‌ಪೇಟೆಯಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಿ, ಪ್ಯಾರಡೈಸ್ ನಿಲ್ದಾಣದಲ್ಲಿ ಇಳಿದರೆ ಆಯಿತು. ಸೀರೆಗೆ ಕುಪ್ಪಸದ ಬಟ್ಟೆ ಹೊಂದಿಸಲು ಹೋಗುವ ತಾಯಂದಿರು ಸೀರೆಯನ್ನೇ ಜೊತೆಗೆ ಒಯ್ಯುತ್ತಾರಲ್ಲವೆ? ಹಾಗೆಯೇ ಯಂತ್ರದಲ್ಲಿರುವ ಹಳೆಯ ಪಟ್ಟಿಯನ್ನೇ ಬಿಚ್ಚಿ, ಕಾಗದದ ಲಕೋಟೆಯಲ್ಲಿಟ್ಟು ಒಯ್ಯುವುದು ಉತ್ತಮ. ಅದರ ಮೇಲೆ ಜಾತಿ, ಗಾತ್ರ, ವೇಗ ಎಲ್ಲವೂ ಬರೆದಿರುತ್ತದೆ. ವೇಗ ಬೇರೆಯಾದ ಎರಡು ಪಟ್ಟಿ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೇ ನಡೆಯುತ್ತವೆ, ಜೋಡೆತ್ತಿನ ಗಾಡಿಯಂತೆ. ಒಂದೇ ಬಗೆಯ ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿದರೆ ಬೋರ್ಡು ಎರಡರಿಂದಲೂ ಏಕಕಾಲಕ್ಕೆ ಓದಬಲ್ಲದು, ಅದು ಲಾಭ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2025ರಲ್ಲಿ ನೆನಪಿನ ಚಿಪ್ಪಿಗೆ ಜಗತ್ತಿನಾದ್ಯಂತ ಬೆಲೆ ಏರಿತು. ಕೃತಕ ಬುದ್ಧಿಮತ್ತೆಯ ಭಾರಿ ಗಣಕಶಾಲೆಗಳು ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದೂ, ತಯಾರಕರು ಹಳೆಯ ಜಾತಿಗಳನ್ನು ಕಡಿಮೆ ಮಾಡಿದ್ದೂ ಇದಕ್ಕೆ ಕಾರಣಗಳು. ಎಲ್ಲಿಯೋ ದೂರದ ಗಣಕಶಾಲೆಗೂ ಮಿಯಾಪುರದ ಮಗುವಿನ ಪಾಠಕ್ಕೂ ಹೀಗೆ ನಂಟು ಬಿದ್ದಿದೆ. ಹಳೆಯ ಪಟ್ಟಿಗಳಲ್ಲಿ ಬಳಸಿದ ಮಾಲೂ ಸಿಕ್ಕುತ್ತದೆ. ಅದನ್ನು ಕೊಳ್ಳುವುದರಲ್ಲಿ ಹೀನಾಯವೇನೂ ಇಲ್ಲ. ಏತಕ್ಕೆಂದರೆ ನೆನಪಿನ ಪಟ್ಟಿಯಲ್ಲಿ ತಿರುಗಿ ಸವೆಯುವ ಭಾಗವಿಲ್ಲ. ಆದರೆ ರಸೀತಿ ಪಡೆಯಬೇಕು, ಬದಲಾಯಿಸಿ ಕೊಡುವ ಮಾತು ಪಡೆಯಬೇಕು. ತೀರ ಅಗ್ಗದ ಪಟ್ಟಿಗಳಲ್ಲಿ ಕೆಲವು ಎ.ಎಂ.ಡಿ. ಯಂತ್ರಗಳಲ್ಲಿ ಮಾತ್ರ ನಡೆದು ಇಂಟೆಲ್ ಯಂತ್ರಗಳಲ್ಲಿ ಮೊಂಡು ಹಿಡಿಯುತ್ತವೆ, ಕೇಳಿಯೇ ಕೊಳ್ಳಬೇಕು. ನಮ್ಮ ಲೆಕ್ಕಾಚಾರದ ಸೂತ್ರ ಇಷ್ಟೆ: ದುರಸ್ತಿಯ ಒಟ್ಟು ಖರ್ಚು ಹೊಸ ಯಂತ್ರದ ಬೆಲೆಯ ಕಾಲುಭಾಗವನ್ನು ಮೀರುವಂತಿದ್ದರೆ ಕೈಬಿಡಿ, ಅದರೊಳಗೆ ಇದ್ದರೆ ಮಾಡಿ.

ಕೂರಿಸುವ ಕೆಲಸ ಹೆದರಬೇಕಾದದ್ದಲ್ಲ, ಅವಸರದ್ದೂ ಅಲ್ಲ. ಯಂತ್ರವನ್ನು ನಿಲ್ಲಿಸಿ ತಂತಿಯನ್ನು ಗೋಡೆಯಿಂದಲೇ ಕಿತ್ತುಬಿಡಿ. ಆಮೇಲೆ ಪೆಟ್ಟಿಗೆಯ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಹರಿದುಹೋಗುತ್ತದೆ. ನಾವೆಲ್ಲ ಈ ಪೆಟ್ಟಿಗೆಯನ್ನೇ ಸಿ.ಪಿ.ಯು. ಎನ್ನುತ್ತೇವೆ; ಇರಲಿ. ಪಕ್ಕದ ತಗಡನ್ನು ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ಕೊಡವಿ. ನಮ್ಮ ದಖ್ಖಣದ ಚಳಿಗಾಲದ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಕೂಡುತ್ತದೆ. ಉಣ್ಣೆಯ ಅಂಗಿ ತೆಗೆಯುವಾಗ ಚಟಚಟ ಎನ್ನುವುದು ಅದೇ. ನಮಗೆ ಅದು ಆಟ, ಚಿಪ್ಪಿಗೆ ಪ್ರಾಣಸಂಕಟ. ಆದ್ದರಿಂದ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ಪಟ್ಟಿಯನ್ನು ಅಂಚಿನಿಂದಷ್ಟೇ ಹಿಡಿಯಬೇಕು. ಸಂದಿನ ತುದಿಯ ಕೊಕ್ಕೆಗಳನ್ನು ಹೊರಕ್ಕೆ ಬಾಗಿಸಿ, ಪಟ್ಟಿಯ ಕಚ್ಚು ಸಂದಿನ ದಿಬ್ಬಕ್ಕೆ ಸರಿಯಾಗಿ ಬರುವಂತೆ ಹಿಡಿದು, ಎರಡೂ ತುದಿಗಳನ್ನು ಸಮನಾಗಿ ಒತ್ತಿ. ಟಕ್ ಎಂದು ಕೊಕ್ಕೆ ಕಚ್ಚಿಕೊಂಡರೆ ಕೂತಿತು. ಕಚ್ಚು ಹೊಂದದಿದ್ದರೆ ಬಲ ಹಾಕಬೇಡಿ. ದಿಕ್ಕು ತಪ್ಪಿದೆ, ಇಲ್ಲವೆ ಜಾತಿ ತಪ್ಪಿದೆ. ವಿದ್ಯುತ್ತು ಹಂಚುವ ಒಳಗಿನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ತಂತಿ ಕಿತ್ತಿದ್ದರೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಯಂತ್ರ ಏಳದೆ ಬೀಪ್ ಬೀಪ್ ಎಂದು ಕೂಗಿದರೆ ಗಾಬರಿ ಬೇಡ. ಪಟ್ಟಿ ಸರಿಯಾಗಿ ಕೂತಿಲ್ಲವೆಂದೇ ಬಹುಮಟ್ಟಿಗೆ ಅರ್ಥ. ಬಿಚ್ಚಿ, ಅದರ ಹಳದಿ ಹಲ್ಲುಗಳನ್ನು ಮಕ್ಕಳ ಬಿಳಿಯ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ಎದ್ದ ಮೇಲೆ ವಿಂಡೋಸಿನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯನ್ನು ಒಂದು ಸಲ ನಡೆಸಿಬಿಡಿ. ಕೆಟ್ಟ ಪಟ್ಟಿ ಕೆಲಸ ನಿಲ್ಲಿಸುವುದಲ್ಲದೆ ಬರೆದ ಕಡತವನ್ನೂ ಸದ್ದಿಲ್ಲದೆ ಕೆಡಿಸಬಲ್ಲದು. ಪೆಟ್ಟಿಗೆ ಹೇಗೂ ತೆರೆದಿರುವಾಗ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಾಯಿಸಿ. ಅದರ ಹೆಸರು ಸಿ.ಆರ್. 2032. ಅದು ಸತ್ತರೆ ಗಣಕ ತಾರೀಕನ್ನು ಮರೆಯುತ್ತದೆ. ತಾರೀಕು ತಪ್ಪಾದ ಗಣಕದಲ್ಲಿ ಬ್ಯಾಂಕಿನ ಪುಟವೂ ತೆರೆಯುವುದಿಲ್ಲ. “ನಿಮ್ಮ ಬ್ಯಾಂಕಿನ ಪುಟವೇ ಕೆಟ್ಟಿದೆ” ಎಂದು ದೂರು ತರುವವರಲ್ಲಿ ಕೆಲವರ ಮನೆಯಲ್ಲಿ ಕೆಟ್ಟಿರುವುದು ಈ ಸಣ್ಣ ಬ್ಯಾಟರಿ.

ನಮ್ಮ ಸಂಘದ ಕನ್ನಡ ತರಗತಿಯ ಗಣಕವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಅದು ಎಚ್ 61 ಬೋರ್ಡಿನ ಯಂತ್ರ. ನೆನಪು 2 ಜಿ.ಬಿ. ಮಕ್ಕಳಿಗೆ ಅಕ್ಷರಮಾಲೆಯ ಚಿತ್ರ ತೋರಿಸುವಷ್ಟರಲ್ಲಿ ತರಗತಿಯ ಕಾಲು ಗಂಟೆ ಕಳೆದುಹೋಗುತ್ತಿತ್ತು. ತೆಲುಗು, ಹಿಂದಿ, ಇಂಗ್ಲಿಷುಗಳ ನಡುವೆ ವಾರಕ್ಕೆ ಒಂದೇ ಗಂಟೆ ಕನ್ನಡಕ್ಕೆ ಸಿಕ್ಕುವ ಮಕ್ಕಳಿಗೆ ಆ ಕಾಲು ಗಂಟೆ ಸಣ್ಣ ನಷ್ಟವಲ್ಲ. ಹೊಸ ಗಣಕಕ್ಕೆ ಚಂದಾ ಎತ್ತಬೇಕೆಂಬ ಸೂಚನೆ ಸಮಿತಿಯ ಮುಂದೆ ಬಂದಿತ್ತು. ನಾವು ಪರೀಕ್ಷಿಸಿ, 4 ಜಿ.ಬಿ.ಯ ಎರಡು ಬಳಸಿದ ಪಟ್ಟಿಗಳನ್ನು ತಂದು ಕೂರಿಸಿದೆವು. ಖರ್ಚು ಈ ಸ್ಮರಣ ಸಂಚಿಕೆಯ ಒಂದು ಒಳಪುಟದ ಜಾಹೀರಾತಿನ ದರಕ್ಕಿಂತ ಕಡಿಮೆ. ಯಂತ್ರ ಹೊಸದರಂತೆ ಹಾರುತ್ತದೆಂದು ನಾವು ಹೇಳುವುದಿಲ್ಲ. ಆದರೆ ಈಗ ಪಾಠ ಕಾಯುವುದಿಲ್ಲ. ತಮ್ಮ ಕೈಯಲ್ಲಿರುವ ಸಂಚಿಕೆಯ ಬಹುಪಾಲು ಪುಟಗಳನ್ನು ಬೆರಳಚ್ಚು ಮಾಡಿದ್ದೂ ಅದರಲ್ಲಿಯೇ.

ಇಷ್ಟು ಹೇಳಿದ ಮೇಲೆ, ಎಲ್ಲಿ ಹಣ ಹಾಕಬಾರದು ಎಂಬುದನ್ನೂ ಹೇಳದಿದ್ದರೆ ನಾವು ಅಂಗಡಿಯವರ ಪರವಾಗಿ ಮಾತನಾಡಿದಂತಾಗುತ್ತದೆ. ಬೋರ್ಡಿನ ಮೇಲೆ ಸಣ್ಣ ಉರುಳೆಗಳಂತಿರುವ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಆ ಯಂತ್ರಕ್ಕೆ ಹೊಸ ಪಟ್ಟಿ ಬೇಡ. ಡಿ.ಡಿ.ಆರ್. 2 ಕಾಲದ ಯಂತ್ರವಾದರೆ ಎರಡು ಸಲ ಯೋಚಿಸಿ. ಡಿಸ್ಕಿನದೇ ರೋಗವಾದರೆ ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸುವುದು ಸರಿಯಾದ ಚಿಕಿತ್ಸೆ. ರ್ಯಾಮ್ ಸಾಕಷ್ಟಿದ್ದವರಿಗೆ ಅದರಿಂದ ದೊರೆಯುವ ಸುಖ ಇನ್ನೂ ಹೆಚ್ಚು.

ಇನ್ನೊಂದು ಮುಖ್ಯ ಸಂಗತಿ ವಿಂಡೋಸ್ 10ರದು. ಮೈಕ್ರೋಸಾಫ್ಟ್ ಕಂಪನಿಯು ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ರಕ್ಷಣೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಕೊಡುವುದಾಗಿಯೂ ಆಗ ಪ್ರಕಟಿಸಿತು. ವಿಂಡೋಸ್ 11ಕ್ಕೆ 4 ಜಿ.ಬಿ. ನೆನಪು ಸಾಕೆಂದು ಬರೆದಿದ್ದರೂ, ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗವೂ, ಇಂಟೆಲಿನಲ್ಲಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರೂ ಬೇಕು. ಆ ತಲೆಮಾರು ಹುಟ್ಟಿದ್ದೇ 2017ರಲ್ಲಿ. ಅದಕ್ಕೂ ಹಳೆಯ ಗಣಕಕ್ಕೆ ಎಷ್ಟು ನೆನಪು ತುಂಬಿದರೂ ಈ ಕೊರತೆ ತುಂಬದು. ಅಂಥವರು 8 ಜಿ.ಬಿ. ಹಾಕಿಸಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಗೆ ಹೋಗಬಹುದು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ತಾವೆಲ್ಲ ಕಲಿತ ಕನ್ನಡ ಕೀಲಿಮಣೆಯ ವಿನ್ಯಾಸ ಅಲ್ಲಿಯೂ ದೊರೆಯುತ್ತದೆ. ಬೆಂಬಲವಿಲ್ಲದ ಯಂತ್ರದಲ್ಲಿ ಹಣದ ವ್ಯವಹಾರವನ್ನು ಮಾತ್ರ ಮಾಡಬೇಡಿ. ಇದು ಬ್ಯಾಂಕಿನವರಾಗಿ ನಾವು ಹೇಳುವ ಮಾತು.

ಕೊನೆಯದಾಗಿ, ಈ ಸಭೆಯಲ್ಲಿ ಹೇಳಲೇಬೇಕೆನಿಸಿದ ಸಂಗತಿ. ರ್ಯಾಮ್ ಎಂಬ ನೆನಪನ್ನು ಹಣ ಕೊಟ್ಟು ಕೊಳ್ಳಬಹುದು. ಹಳೆಯ ಗಣಕದ ಡಿಸ್ಕಿನಲ್ಲಿ ಕೂತಿರುವ ನೆನಪನ್ನು ಯಾವ ಸಂತೆಯಲ್ಲಿಯೂ ಕೊಳ್ಳಲಾಗದು. ಊರಿನಲ್ಲಿದ್ದ ತಂದೆಗೆ ಬರೆದ ಪತ್ರ, ತಾಯಿ ಹೇಳಿ ಬರೆಸಿದ ಅಡಿಗೆಯ ವಿಧಾನ, ಅಜ್ಜಿ ಹಾಡಿದ ಸೋಬಾನೆಯ ಧ್ವನಿ, ಸಂಘದ ಹಳೆಯ ನಡಾವಳಿ, ಇವೆಲ್ಲ ಅಲ್ಲಿವೆ. ಇವುಗಳಲ್ಲಿ ಕನ್ನಡದ ಬರಹಗಳಿಗೆ ವಿಶೇಷವಾದ ಅಪಾಯವುಂಟು. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ನಮ್ಮಂಥ ಹೊರನಾಡಿಗರಿಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಆದರೆ ಯೂನಿಕೋಡ್ ರೂಢಿಗೆ ಬರುವ ಮುಂಚೆ ಅವುಗಳಲ್ಲಿ ಬರೆದು ಉಳಿಸಿದ ಕಡತಗಳು ಆಯಾ ಅಕ್ಷರವಿನ್ಯಾಸವನ್ನೇ ನೆಚ್ಚಿಕೊಂಡಿವೆ. ಆ ವಿನ್ಯಾಸವಿಲ್ಲದ ಹೊಸ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಂತೆ ಕಾಣುತ್ತದೆ. ನೋಡಿದ ಮಕ್ಕಳು ಕೆಟ್ಟ ಕಡತವೆಂದು ಅಳಿಸಿಬಿಡುತ್ತಾರೆ. ಅಲ್ಲಿಗೆ ಒಂದು ತಲೆಮಾರಿನ ಬರವಣಿಗೆ ಮುಗಿಯಿತು.

ಆದ್ದರಿಂದ ಹಳೆಯ ಗಣಕವನ್ನು ಇಟ್ಟುಕೊಳ್ಳಿ, ಬಿಡಿ. ಮೊದಲು ಅದರಲ್ಲಿರುವ ಕನ್ನಡವನ್ನು ಯೂನಿಕೋಡಿಗೆ ತಿರುಗಿಸಿ ಎರಡು ಕಡೆ ನಕಲಿಟ್ಟುಕೊಳ್ಳಿ. ತಿರುಗಿಸುವ ಸಾಧನಗಳು ನುಡಿಯಲ್ಲಿಯೂ ಬರಹದಲ್ಲಿಯೂ ಇವೆ. ಅಷ್ಟು ಕೆಲಸ ಮುಗಿಯುವವರೆಗೆ ಆ ಯಂತ್ರ ಎದ್ದು ನಡೆಯುತ್ತಿರಬೇಕು. ಅದಕ್ಕಾಗಿಯಾದರೂ ಒಂದು ಪಟ್ಟಿಯ ಖರ್ಚು ಸಾರ್ಥಕ. ಆಮೇಲೆ ಬೇಡವೆನಿಸಿದರೆ ಡಿಸ್ಕನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಬೀದಿಯ ಗುಜರಿಗೆ ಹಾಕದೆ, ಸರ್ಕಾರದ ಅಂಗೀಕಾರ ಪಡೆದ ಮರುಬಳಕೆದಾರರಿಗೆ ಕೊಡಿ. ಬೋರ್ಡಿನಲ್ಲಿರುವ ಸೀಸ ಮೊದಲಾದ ವಿಷಗಳು ನಮ್ಮದೇ ನೆಲಕ್ಕೆ ಇಳಿಯಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ಕಸದ ನಿಯಮಗಳ ಉದ್ದೇಶವೂ ಇದೇ.

ಸಂಘದ ಕೋಣೆಯಲ್ಲಿ ತರಗತಿ ಮುಗಿದ ಮೇಲೆ ನಾವು ಒಂದು ಗಂಟೆ ಇರುತ್ತೇವೆ. ಹಳೆಯ ಪೆಟ್ಟಿಗೆಯನ್ನಾಗಲಿ, ತೆರೆಯಲಾರದ ಕನ್ನಡ ಕಡತವನ್ನಾಗಲಿ ತಂದರೆ ಕೂಡಿ ನೋಡೋಣ. ತಿರುಪುಳಿಯನ್ನು ಹಿಡಿಯಲು ಮಕ್ಕಳನ್ನೂ ಕರೆತನ್ನಿ; ಅವರ ಕಣ್ಣು ನಮ್ಮದಕ್ಕಿಂತ ಚುರುಕು.